ಗಡಿಯಾಚೆಯ ಬಾಗಿಲಿನ ಸೀಲು

ಆ ಎರಡು ದೇಶಗಳವರು ಆಡುವುದು ಒಂದೇ ಭಾಷೆ. ಆಚೆಯವರು ಸ್ವಲ್ಪ ಎಳೆದು ಆಡುತ್ತಾರೆ, ಈಚೆಯವರು ಸ್ವಲ್ಪ ನುಂಗಿ ಆಡುತ್ತಾರೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಜಗಳವಾಡುವುದಕ್ಕೆ ದುಭಾಷಿ ಬೇಕಾಗಿರಲಿಲ್ಲ. ಬೈದದ್ದು ಬಿಸಿಬಿಸಿಯಾಗಿಯೇ ತಲುಪುತ್ತಿತ್ತು. ಒಂದಕ್ಕಿಂತ ಹೆಚ್ಚು ಸಲ ಯುದ್ಧವೂ ಆಗಿತ್ತು. ಎರಡೂ ಕಡೆ ಅಣುಸ್ಥಾವರಗಳಿದ್ದವು. ಅವರು ವಿದ್ಯುತ್ತಿನ ಹೆಸರು ಹೇಳಿ ಬಾಂಬು ಮಾಡುತ್ತಿದ್ದಾರೆ ಎಂದು ಇವರು ನಂಬಿದ್ದರು, ಇವರ ಬಗ್ಗೆ ಅವರೂ ಹಾಗೆಯೇ ನಂಬಿದ್ದರು.

ಕೊನೆಗೆ ಎರಡೂ ಸರ್ಕಾರಗಳಿಗೆ ಈ ಅನುಮಾನದ ಸಾಕಣೆಯೇ ದುಬಾರಿ ಅನ್ನಿಸಿ ಮಾತುಕತೆ ಶುರುವಾಯಿತು. ಒಪ್ಪಂದದ ತಿರುಳು ಸರಳವಾಗಿತ್ತು. ನಿಮ್ಮ ಉಗ್ರಾಣದಲ್ಲಿರುವ ಅಣು ಇಂಧನವನ್ನು ನಾವು ತೂಗಿ ನೋಡುತ್ತೇವೆ, ನಮ್ಮದನ್ನು ನೀವು ತೂಗಿ ನೋಡಿ. ನೋಡಿ ಮುಗಿದ ಮೇಲೆ ಆ ಬಾಗಿಲಿಗೆ ನೋಡಿದವರೇ ಸೀಲು ಹಾಕಿ ಬರಬೇಕು. ಮುಂದಿನ ಸಲ ಹೋದಾಗ ಸೀಲು ಹಾಗೇ ಇದ್ದರೆ ಒಳಗಿರುವುದೂ ಹಾಗೇ ಇದೆ ಎಂದು ಅರ್ಥ.

ಈಚೆ ಕಡೆಯ ತಪಾಸಣಾ ತಂಡಕ್ಕೆ ಮುಖ್ಯಸ್ಥೆಯಾಗಿದ್ದವಳು ಒಬ್ಬ ಭೌತವಿಜ್ಞಾನಿ. ಐವತ್ತು ದಾಟಿದ ಹೆಂಗಸು. ಕೈಚೀಲದಲ್ಲಿ ಸದಾ ಒಂದು ಭೂತಗನ್ನಡಿ ಇಟ್ಟುಕೊಂಡಿರುತ್ತಿದ್ದಳು. ಕರಡಿನಲ್ಲಿ ಒಂದು ಕೊಂಬು ಬಿಟ್ಟುಹೋದರೂ ಹಿಡಿಯುತ್ತಿದ್ದಳು. ಹಾಗಾಗಿ ಕಚೇರಿಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವಳನ್ನು 'ಭೂತಗನ್ನಡಿ' ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. "ಬರೀ ಭೂತ ಅನ್ನಲಿಲ್ವಲ್ಲ, ಪುಣ್ಯ" ಎಂದು ಗಂಡನ ಹತ್ತಿರ ಹೇಳಿ ನಕ್ಕಿದ್ದಳು.

ಆಚೆ ಕಡೆಯ ಮುಖ್ಯಸ್ಥನಿಗೂ ಈಚೆಯವರು ಒಂದು ಹೆಸರಿಟ್ಟಿದ್ದರು: ಕೊಕ್ಕರೆ. ಆತ ಉದ್ದಕ್ಕೆ, ಸಣ್ಣಗೆ, ಬೆಳ್ಳನೆಯ ತಲೆಗೂದಲಿನ ಮನುಷ್ಯ. ಮಾತುಕತೆಯ ಮೇಜಿನ ಆಚೆ ಗಂಟೆಗಟ್ಟಲೆ ಅಲ್ಲಾಡದೆ ಕೂತಿದ್ದು, ಯಾರಾದರೂ ಎಡವಿದರೆ ಥಟ್ಟನೆ ಹಿಡಿಯುತ್ತಿದ್ದ. ಇವಳಿಗೂ ಆತನಿಗೂ ವರ್ಷಗಳ ವಾಗ್ವಾದದ ಪರಿಚಯ. ಒಮ್ಮೆ 'ತಕ್ಷಣ' ಎನ್ನುವ ಒಂದೇ ಪದದ ಮೇಲೆ ಇಡೀ ವಾರ ಹೋಗಿತ್ತು. ಕೇಳಿದ ತಕ್ಷಣ ಬಾಗಿಲು ತೆರೆಯಬೇಕು ಎಂದು ಇವಳು ಪಟ್ಟು ಹಿಡಿದಿದ್ದಳು.

"ತಕ್ಷಣ ಅಂದ್ರೆ ಎಷ್ಟು ಹೊತ್ತು ಮೇಡಂ?" ಎಂದು ಕೊಕ್ಕರೆ ಕೇಳಿದ್ದ. "ನಮ್ಮ ಮನೇಲಿ ನಾನು ತಕ್ಷಣ ಬಂದೆ ಅಂದ್ರೆ, ನನ್ನ ಹೆಂಡತಿ ನೆಮ್ಮದಿಯಾಗಿ ಒಂದು ನಿದ್ದೆ ತೆಗೀತಾಳೆ."

ಎರಡೂ ಕಡೆಯವರು ನಕ್ಕಿದ್ದರು. ಆ ನಗುವಿನಲ್ಲೇ ಎರಡು ಗಂಟೆಯೊಳಗೆ ಎಂದು ತೀರ್ಮಾನವಾಗಿತ್ತು.

ಒಪ್ಪಂದವನ್ನು ಮೊದಲು ಪರೀಕ್ಷೆಗೆಂದು ಜಾರಿ ಮಾಡಿದರು. ಚಳಿಗಾಲದಲ್ಲಿ ಎರಡೂ ಕಡೆಯವರು ಹೋಗಿ ತೂಗಿ, ಸೀಲು ಹಾಕಿ ಬಂದರು. ಬೇಸಿಗೆ ಕಳೆದ ಮೇಲೆ ಮತ್ತೊಮ್ಮೆ ಹೋಗಿ ನೋಡುವುದು, ಎಲ್ಲ ಸರಿಯಿದ್ದರೆ ಮಂತ್ರಿಗಳು ಕಾಯಂ ಸಹಿ ಹಾಕುವುದು ಎಂದು ಮಾತಾಗಿತ್ತು.

ಹೊರಡುವ ದಿನ ಬೆಳಿಗ್ಗೆ ಅತ್ತೆ ಅವಳ ಪೆಟ್ಟಿಗೆಯಲ್ಲಿ ಬಟ್ಟೆ ಸರಿಸಿ ನೀರಿನ ಬಾಟಲಿಗಳನ್ನು ತುರುಕುತ್ತಿದ್ದರು.

"ಅತ್ತೆ, ಅಲ್ಲೂ ನೀರಿರತ್ತೆ."

"ಇರತ್ತಮ್ಮ, ಯಾರಿಲ್ಲ ಅಂದ್ರು? ಅವರ ನೀರು ಅವರೇ ಕುಡ್ಕೊಳ್ಳಿ. ನಗ್‌ನಗ್ತಾ ಮಾತಾಡಿಸ್ತಾರೆ ಅಂತ ಮೈ ಮರೀಬೇಡ. ಆ ಜನರ ಬಾಯಲ್ಲಿ ಬೆಲ್ಲ, ಬಗಲಲ್ಲಿ ದೊಣ್ಣೆ."

ಗಂಡ ಹಲ್ಲಿನ ವೈದ್ಯ. ಕ್ಲಿನಿಕ್ಕಿಗೆ ಹೊರಟು ನಿಂತಿದ್ದವನು ಬಾಗಿಲಲ್ಲೇ ತಿರುಗಿ, "ಅಮ್ಮ ಹೇಳೋದು ಬಿಡು. ನನ್ನದೂ ನಿನ್ನದೂ ಒಂದೇ ಕಸುಬು. ಹೆದರಿಕೊಂಡು ಬಾಯಿ ಬಿಗಿ ಹಿಡಿದವರ ಹತ್ರ ಬಾಯಿ ತೆಗೆಸಬೇಕು. ಗದರಿಸಿದ್ರೆ ಇನ್ನಷ್ಟು ಬಿಗಿ ಹಿಡೀತಾರೆ" ಅಂದ.

"ನಿನ್ನ ಹತ್ರ ಸೂಜಿ ಇರತ್ತೆ. ನನ್ನ ಹತ್ರ ಏನಿದೆ?" ಅಂದಳು ಅವಳು. ಬಾಟಲಿಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೊರಟಳು.

ಗಡಿಯಾಚೆಯ ಸ್ಥಾವರ ಊರಿನಿಂದ ದೂರ, ಎರಡು ಸುತ್ತು ತಂತಿಬೇಲಿಯ ನಡುವೆ ಇತ್ತು. ಇವಳ ತಂಡದಲ್ಲಿ ಮುಖ್ಯವಾಗಿದ್ದವನು ಅಳತೆಯ ಎಂಜಿನಿಯರ್. ದುಂಡಗಿನ ಮೈ, ಸದಾ ನಗುವ ಮುಖ. ಎಲ್ಲರೂ ಗುಂಡಣ್ಣ ಅನ್ನುತ್ತಿದ್ದರು. ಅಂತರರಾಷ್ಟ್ರೀಯ ಸಂಸ್ಥೆಯಿಂದ ಬಂದ ಒಬ್ಬ ವೀಕ್ಷಕನೂ ಜೊತೆಗಿದ್ದ. ಯಾರ ಪರವಾಗಿಯೂ ಮಾತಾಡಬಾರದೆಂದು ಆತ ಮಾತಾಡುವುದನ್ನೇ ಬಿಟ್ಟಂತಿತ್ತು.

ಗೇಟಿನಲ್ಲಿ ಫೋನುಗಳನ್ನೂ ಅವಳ ನೀರಿನ ಬಾಟಲಿಯನ್ನೂ ತೆಗೆದಿಟ್ಟುಕೊಂಡರು. ವಿಕಿರಣ ಅಳೆಯುವ ಪಟ್ಟಿಯನ್ನು ಎದೆಗೆ ಸಿಕ್ಕಿಸಿ, ಬಿಳಿ ಕೋಟು ತೊಡಿಸಿ, ಬೂಟಿಗೆ ಪ್ಲಾಸ್ಟಿಕ್ ಚೀಲ ಹಾಕಿಸಿದರು. ಗುಂಡಣ್ಣನ ಕೋಟಿನ ಗುಂಡಿ ಹೊಟ್ಟೆಯ ಹತ್ತಿರ ಕೂಡಲಿಲ್ಲ. "ಇದು ನಮ್ಮ ದೇಶದ ಬಗ್ಗೆ ನಿಮಗಿರೋ ತಪ್ಪು ಅಂದಾಜು" ಎಂದು ಅವನು ಹೇಳಿದಾಗ ಕಾವಲುಗಾರರೂ ನಕ್ಕರು. ಕೊಕ್ಕರೆ ಒಳಬಾಗಿಲಿನಲ್ಲಿ ಕಾದಿದ್ದ. ಅವನ ಪಕ್ಕದಲ್ಲಿ ಸ್ಥಾವರದ ಮ್ಯಾನೇಜರ್ ನಿಂತಿದ್ದ. ನಲವತ್ತೈದರ ಆಸುಪಾಸಿನ ಆ ಮನುಷ್ಯ ಕೈ ಕುಲುಕಿದಾಗ ಅಂಗೈ ಒದ್ದೆಯಾಗಿದ್ದದ್ದು ಅವಳ ಗಮನಕ್ಕೆ ಬಂತು. ಸೆಖೆಗೆ ಇರಬೇಕು ಅಂದುಕೊಂಡಳು.

ಮೊದಲ ಉಗ್ರಾಣದ ಸೀಲು ಸರಿಯಾಗಿತ್ತು. ಎರಡನೆಯದೂ ಸರಿಯಾಗಿತ್ತು. ಮೂರನೆಯದು ಕಾರಿಡಾರಿನ ಕೊನೆಯಲ್ಲಿ, ಟ್ಯೂಬ್‌ಲೈಟಿನ ಕೆಳಗಿನ ದಪ್ಪ ಕಬ್ಬಿಣದ ಬಾಗಿಲು. ಚಿಲಕದ ಕಣ್ಣಿನಲ್ಲಿ ತಂತಿ ತೂರಿಸಿ, ಎರಡೂ ತುದಿಯನ್ನು ಬಿಲ್ಲೆಯೊಳಗೆ ಸೇರಿಸಿ ಒತ್ತಿದ್ದ ಸೀಲು. ನಂಬರು ಸರಿಯಿತ್ತು. ಬಿಲ್ಲೆಯೂ ಅವಳೇ ಹಾಕಿದ್ದು. ಗುಂಡಣ್ಣ ಮುಂದಿನ ಕೆಲಸಕ್ಕೆ ಪೆಟ್ಟಿಗೆ ಎತ್ತಿಕೊಂಡದ್ದೂ ಆಯಿತು. ಅವಳು ಅಭ್ಯಾಸಬಲದಿಂದ ಭೂತಗನ್ನಡಿ ತೆಗೆದು ತಂತಿಯುದ್ದಕ್ಕೂ ನೋಡಿದಳು. ಚಿಲಕದ ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ತಂತಿಯ ಮೇಲೆ ಎಳ್ಳುಕಾಳಿನಷ್ಟು ಬೆಸುಗೆಯ ಹನಿ ಇತ್ತು.

ಅವಳು ಎರಡು ಸಲ ನೋಡಿದಳು. ಆಮೇಲೆ ಭೂತಗನ್ನಡಿಯನ್ನು ಕೊಕ್ಕರೆಯ ಕೈಗೆ ಕೊಟ್ಟಳು.

"ಇಲ್ಲಿ ನೋಡಿ. ಈ ತಂತಿ ಕತ್ತರಿಸಿ ಮತ್ತೆ ಬೆಸೆದಿದ್ದಾರೆ."

ಕೊಕ್ಕರೆ ಬಗ್ಗಿ ಬಹಳ ಹೊತ್ತು ನೋಡಿದ. ವೀಕ್ಷಕ ಹತ್ತಿರ ಬಂದ. ಯಾರೂ ಏನೂ ಕೇಳುವ ಮೊದಲೇ ಮ್ಯಾನೇಜರ್, "ಅದು ತುಕ್ಕು ಸಾರ್, ಇಲ್ಲಿ ತೇವ ಜಾಸ್ತಿ" ಅಂದುಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಕೊಕ್ಕರೆ ನೆಟ್ಟಗೆ ನಿಂತುಕೊಂಡ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ತನ್ನ ಕಡೆಯವನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದ: "ಏನಾಯ್ತು? ಇದ್ದದ್ದು ಇದ್ದ ಹಾಗೆ ಹೇಳಪ್ಪ."

ಮ್ಯಾನೇಜರ್ ಒಮ್ಮೆ ಇವಳನ್ನು ನೋಡಿದ, ಒಮ್ಮೆ ನೆಲ ನೋಡಿದ. ಆಮೇಲೆ ಹೇಳಿದ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಚಾವಣಿಯ ತಂಪುನೀರಿನ ಪೈಪು ಒಡೆದಿತ್ತು. ನೀರು ಗೋಡೆಯೊಳಗಿನಿಂದ ಇಳಿದು ಈ ಬಾಗಿಲಿನ ಸಂದಿಯಲ್ಲಿ ಹೊರಗೆ ಬರುತ್ತಿತ್ತು. ಒಳಗೆ ಡ್ರಮ್ಮುಗಳಲ್ಲಿದ್ದ ಇಂಧನಕ್ಕೂ ನೀರಿಗೂ ಆಗಿಬರುವುದಿಲ್ಲ. ನೀರು ಸುತ್ತುವರಿದರೆ ಸುಮ್ಮನಿದ್ದ ಇಂಧನ ತಾನೇ ಉರಿಯತೊಡಗಬಹುದು, ಆ ಉರಿ ಕಣ್ಣಿಗೆ ಕಾಣುವಷ್ಟರಲ್ಲಿ ಹತ್ತಿರವಿದ್ದವರು ಉಳಿಯುವುದಿಲ್ಲ. ನೀರಿನ ವಾಲ್ವು ಇದ್ದದ್ದು ಕೋಣೆಯ ಒಳಗೆ. ಅವನು ತಂತಿ ಕತ್ತರಿಸಿ, ಒಳಹೋಗಿ ವಾಲ್ವು ಮುಚ್ಚಿ, ನೆಲ ಒರೆಸಿ, ಪೈಪು ಜೋಡಿಸಿ ಹೊರಬಂದು ತಂತಿ ಬೆಸೆದಿದ್ದ.

"ಆಮೇಲೆ ಯಾಕೆ ಹೇಳಲಿಲ್ಲ?" ಎಂದು ಅವಳು ಕೇಳಿದಳು.

"ಹೇಳಿದ್ರೆ ನೀವು ನಂಬ್ತಿದ್ರಾ ಮೇಡಂ?"

ನಂಬುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಈಗಲೂ ನಂಬಿದ್ದಾಳೋ ಇಲ್ಲವೋ ಎನ್ನುವುದೇ ತಿಳಿಯುತ್ತಿರಲಿಲ್ಲ. ಕದ್ದವನೂ ಇದೇ ಕಥೆ ಹೇಳಬಹುದಿತ್ತು.

ನಿಯಮದ ಪ್ರಕಾರ ಇಬ್ಬರೂ ತಮ್ಮ ತಮ್ಮ ರಾಜಧಾನಿಗೆ ತಿಳಿಸಲೇಬೇಕಿತ್ತು. ಗೇಟಿನ ಕಚೇರಿಯ ಫೋನಿನಲ್ಲಿ ಅವಳು ತನ್ನ ಇಲಾಖೆಯ ಕಾರ್ಯದರ್ಶಿಗೆ ವಿಷಯ ಹೇಳಿದಳು. ಕಾರ್ಯದರ್ಶಿಯ ದನಿಯಲ್ಲಿ ಹಬ್ಬ ಬಂದಂಥ ಉತ್ಸಾಹ ಕೇಳಿತು.

"ಸಿಕ್ಕಿಬಿದ್ರು ನೋಡಿ! ನಾನು ಮೊದಲಿಂದಾನೂ ಹೇಳ್ತಾನೇ ಇದ್ದೆ. ನೀವು ತಕ್ಷಣ ತಂಡ ಕರ್ಕೊಂಡು ಹೊರಟು ಬನ್ನಿ. ಸಂಜೆ ಪತ್ರಿಕಾಗೋಷ್ಠಿ ಮಾಡೋಣ."

"ಸಾರ್, ಈಗ ಹೊರಟು ಬಂದ್ರೆ ತಂತಿ ಕತ್ತರಿಸಿದ್ದಾರೆ ಅನ್ನೋದು ಮಾತ್ರ ನಮಗೆ ಗೊತ್ತಿರತ್ತೆ. ಇಲ್ಲೇ ಇದ್ದು ತೂಗಿದ್ರೆ, ಒಳಗಿಂದ ಏನಾದ್ರೂ ಹೋಗಿದೆಯೋ ಇಲ್ವೋ ಅನ್ನೋದು ಗೊತ್ತಾಗತ್ತೆ. ಯಾವುದು ಗೊತ್ತಾಗಬೇಕು ಹೇಳಿ."

"ಅವರು ತೂಗೋಕೆ ಬಿಡ್ತಾರಾ?"

"ಬಿಡದಿದ್ರೆ ಅದೂ ಗೊತ್ತಾಗತ್ತಲ್ಲ ಸಾರ್."

ಕಾರ್ಯದರ್ಶಿ ಗೊಣಗಿದರು. ಮಂತ್ರಿಗಳನ್ನು ಕೇಳಿ ಹೇಳುತ್ತೇನೆ, ಅಲ್ಲಿಯವರೆಗೆ ತಕ್ಷಣ ಹೊರಡಲು ಸಿದ್ಧರಾಗಿರಿ ಎಂದು ಫೋನಿಟ್ಟರು. 'ತಕ್ಷಣ' ಅಂದರೆ ಎಷ್ಟು ಹೊತ್ತು ಎಂದು ಈ ಸಲ ಅವಳು ಕೇಳಲು ಹೋಗಲಿಲ್ಲ.

ಕ್ಯಾಂಟೀನಿನಲ್ಲಿ ಯಾರೂ ಇರಲಿಲ್ಲ. ಸ್ಟೀಲು ಮೇಜುಗಳನ್ನು ಆಗಷ್ಟೇ ಒರೆಸಿದ್ದರು. ಕೊಕ್ಕರೆ ಕಿಟಕಿಯ ಪಕ್ಕ ಚಹಾದ ಲೋಟ ಮುಂದಿಟ್ಟುಕೊಂಡು ಕೂತಿದ್ದ. ಅವಳು ಎದುರಿಗೆ ಕೂತಳು. ಆತ ಇನ್ನೊಂದು ಲೋಟವನ್ನು ಅವಳ ಕಡೆ ಸರಿಸಿದ.

"ನಿಮಗೂ ಫೋನ್ ಆಯ್ತಾ?" ಎಂದು ಅವಳು ಕೇಳಿದಳು.

"ಆಯ್ತು. ಸೀಲನ್ನ ನೀವೇ ಕತ್ತರಿಸಿ ನಮ್ಮ ಮೇಲೆ ಹಾಕ್ತಿದ್ದೀರಿ ಅಂತ ಹೇಳ್ಬೇಕಂತೆ. ಭೂತಗನ್ನಡಿ ನೆಪದಲ್ಲಿ ಕೈಚಳಕ ತೋರಿಸಿದ್ರಂತೆ."

"ನಮ್ಮವರ ಪ್ರಕಾರ ನೀವು ಆಗಲೇ ಅರ್ಧ ಉಗ್ರಾಣ ಖಾಲಿ ಮಾಡಿದ್ದೀರಿ."

ಇಬ್ಬರಿಗೂ ನಗು ಬಂತು. ನಗು ಮುಗಿದ ಮೇಲೆ ಇನ್ನಷ್ಟು ದಣಿವಾದ ಹಾಗಿತ್ತು.

"ನಿಮ್ಮ ಮ್ಯಾನೇಜರ್ ಹೇಳಿದ್ದು ನಿಜಾನಾ?" ಅಂದಳು.

"ಗೊತ್ತಿಲ್ಲ ಮೇಡಂ. ಸತ್ಯವಾಗ್ಲೂ ಗೊತ್ತಿಲ್ಲ. ಅವನನ್ನ ಕೆಲಸಕ್ಕೆ ತಗೊಂಡವನು ನಾನೇ. ಸುಳ್ಳು ಹೇಳೋ ಮನುಷ್ಯ ಅಲ್ಲ ಅಂದ್ಕೊಂಡಿದ್ದೆ. ಬೆಳಿಗ್ಗೆ ನನ್ನ ಕಣ್ಣೆದುರೇ ತುಕ್ಕು ಅಂದ." ಆತ ಲೋಟವನ್ನು ತಿರುಗಿಸುತ್ತ ಕೂತ. "ತೂಗೋಣ. ಒಂದೂ ಬಿಡದ ಹಾಗೆ. ನಾನು ಮಂತ್ರಾಲಯಕ್ಕೆ ಬರೆದು ಕಳಿಸ್ತೀನಿ, ಸೀಲು ಕತ್ತರಿಸಿದ್ದು ನಮ್ಮವರೇ, ತಪಾಸಣೆ ಮುಂದುವರಿಯೋಕೆ ನಾನೇ ಒಪ್ಪಿಗೆ ಕೊಟ್ಟಿದ್ದೀನಿ ಅಂತ. ಅವರು ಬೇಡ ಅನ್ನೋ ಹೊತ್ತಿಗೆ ಬಾಗಿಲು ತೆಗೆದಾಗಿರತ್ತೆ."

"ನಿಮ್ಮ ಕೆಲಸಕ್ಕೆ ಸಂಚಕಾರ ಬರಬಹುದು."

"ಬರಬಹುದೇನು, ಬರತ್ತೆ." ಆತ ಚಹಾ ಕುಡಿದು ಮುಗಿಸಿದ. "ಆದ್ರೆ ಇಷ್ಟು ವರ್ಷ ನಿಮ್ಮ ಜೊತೆ ಒಂದೊಂದು ಪದಕ್ಕೂ ಕಚ್ಚಾಡಿ ಮಾಡಿದ ಒಪ್ಪಂದ ಇದು. ಒಂದು ಹನಿ ಬೆಸುಗೆಗೆ ಅದನ್ನ ಕೊಡೋಕೆ ನನಗೆ ಮನಸ್ಸಿಲ್ಲ."

ಎರಡೂ ರಾಜಧಾನಿಗಳಿಂದ ಮರುಫೋನು ಬರುವ ಮೊದಲೇ ಬಾಗಿಲು ತೆಗೆದರು. ಕೋಣೆಯ ಒಳಗೆ ಡ್ರಮ್ಮುಗಳು ಒಂದರಿಂದ ಒಂದು ದೂರ ದೂರ, ಕಬ್ಬಿಣದ ಚೌಕಟ್ಟುಗಳಲ್ಲಿ ನಿಂತಿದ್ದವು. ಪ್ರತಿ ಡ್ರಮ್ಮಿನೊಳಗೆ ಇನ್ನೊಂದು ಬಿಗಿ ಮುಚ್ಚಳದ ಡಬ್ಬ, ಅದರೊಳಗೆ ಇಂಧನ. ಗೋಡೆಯ ಮೇಲೆ ನೀರಿಳಿದ ಕಲೆಯಿದೆಯೇ ಎಂದು ಅವಳು ಮೊದಲು ನೋಡಿದಳು. ಗೋಡೆಗೆ ಹೊಸದಾಗಿ ಬಣ್ಣ ಬಳಿದಿದ್ದರು. ಕಲೆ ಮುಚ್ಚಲು ಬಳಿದದ್ದೋ, ಕಲೆಯೇ ಇಲ್ಲದ್ದನ್ನು ಮುಚ್ಚಲು ಬಳಿದದ್ದೋ, ಹೇಳುವಂತಿರಲಿಲ್ಲ.

ಗುಂಡಣ್ಣನ ತಮಾಷೆ ನಿಂತುಹೋಗಿತ್ತು. ಒಂದೊಂದೇ ಡ್ರಮ್ಮನ್ನು ತಕ್ಕಡಿಯ ಮೇಲೆ ಇಳಿಸುವುದು, ತೂಕ ಓದುವುದು, ಪಕ್ಕಕ್ಕೆ ಉಪಕರಣ ಹಿಡಿದು ಒಳಗಿನ ವಿಕಿರಣ ಅಳೆಯುವುದು, ಚಳಿಗಾಲದ ಅಂಕಿಯ ಜೊತೆ ಹೋಲಿಸುವುದು. ಅವನು ಓದಿದ್ದನ್ನು ಕೊಕ್ಕರೆ ಇನ್ನೊಮ್ಮೆ ಓದಿ ಹೇಳುತ್ತಿದ್ದ. ಆ ದಿನ ಕಳೆಯಿತು. ಮಾರನೆಯ ದಿನವೂ ಅದೇ ಕೆಲಸ ನಡೆಯಿತು. ತೂಕ ಹೊಂದುತ್ತಲೇ ಬಂತು. ಈ ನಡುವೆ ಎರಡೂ ರಾಜಧಾನಿಗಳಲ್ಲಿ ಸುದ್ದಿ ಹೊರಬಿದ್ದಿತ್ತು. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವವರಿಗೆ ಎಲ್ಲೂ ಬರವಿಲ್ಲ. ತಂತಿ ಎನ್ನುವುದು ಬಾಗಿಲಾಗಿ, ಬಾಗಿಲು ಉಗ್ರಾಣವಾಗಿ, ಸಂಜೆಯ ಹೊತ್ತಿಗೆ ಇಡೀ ಸ್ಥಾವರವೇ ಮಾಯವಾಗಿತ್ತು.

ಕೊನೆಯ ಸಾಲಿನಲ್ಲಿ ಒಂದು ಡ್ರಮ್ಮು ಹೊಂದಲಿಲ್ಲ.

ಗುಂಡಣ್ಣ ಮತ್ತೊಮ್ಮೆ ತೂಗಿದ. ತಕ್ಕಡಿಯನ್ನು ಖಾಲಿ ಮಾಡಿ, ಸೊನ್ನೆಗೆ ತಂದು, ಇನ್ನೊಮ್ಮೆ ತೂಗಿದ. "ಮೇಡಂ, ಇದು ಹೆಚ್ಚು ಬರ್ತಿದೆ" ಅಂದ. "ಕಮ್ಮಿ ಬಂದಿದ್ರೆ ಕದ್ರು ಅನ್ನಬಹುದಿತ್ತು. ಹೆಚ್ಚು ಬಂದ್ರೆ ಏನನ್ನೋದು?"

"ಒಳಗಿದ್ದದ್ದನ್ನ ತೆಗೆದು ಬೇರೆ ಏನೋ ತುಂಬಿದ್ರೂ ಹೆಚ್ಚು ಬರತ್ತೆ" ಅಂದಳು ಅವಳು. ಮ್ಯಾನೇಜರ್ ಗೋಡೆಗೆ ಒರಗಿ ನಿಂತ. ತನಗೇನೂ ಗೊತ್ತಿಲ್ಲ ಎನ್ನುವಂತೆ ಕೈಯಾಡಿಸಿದ.

ಉಪಕರಣ ಹಿಡಿದು ಅಳೆದರೆ ಒಳಗಿನ ವಿಕಿರಣ ಚಳಿಗಾಲದಲ್ಲಿ ಇದ್ದಷ್ಟೇ ಇತ್ತು.

"ಹೊರಗಿನ ಡ್ರಮ್ಮು ತೆಗೀರಿ" ಅಂದ ಕೊಕ್ಕರೆ.

ಕೈಗವಸು, ಮುಖಕವಚ ಹಾಕಿಕೊಂಡ ಇಬ್ಬರು ಕೆಲಸಗಾರರು ಬೋಲ್ಟುಗಳನ್ನು ಸಡಿಲಿಸಿ ಮುಚ್ಚಳ ಎತ್ತಿದರು. ಗುಂಡಣ್ಣ ಟಾರ್ಚು ಹಾಕಿದ. ಒಳಡಬ್ಬದ ಸುತ್ತ, ಡ್ರಮ್ಮಿನ ತಳದಲ್ಲಿ, ಟಾರ್ಚಿನ ಬೆಳಕು ಅಲುಗಾಡಿತು.

"ನೀರು" ಅಂದ ಗುಂಡಣ್ಣ.

ಒಂದು ಚೊಂಬಿನಷ್ಟಿತ್ತು. ಮುಚ್ಚಳದ ರಬ್ಬರು ಒಂದು ಕಡೆ ಸೀಳಿತ್ತು. ಅದರ ನೇರ ಮೇಲೆ, ಚಾವಣಿಯಲ್ಲಿ, ಪೈಪಿಗೆ ಹಾಕಿದ ಹೊಸ ಜೋಡಣೆ ಕಾಣುತ್ತಿತ್ತು. ನೀರನ್ನು ಅಳೆದು ತೂಗಿದಾಗ ಹೆಚ್ಚು ಬಂದ ತೂಕಕ್ಕೆ ಸರಿಹೊಂದಿತು. ಒಳಡಬ್ಬದ ಮುಚ್ಚಳ ಬಿಗಿಯಾಗಿತ್ತು, ನೀರು ಅಲ್ಲಿಯವರೆಗೆ ಏರಿರಲಿಲ್ಲ. ಅದರ ಮೇಲೆ ಇವಳ ತಂಡ ಅಂಟಿಸಿದ್ದ ಕಾಗದದ ಸೀಲು ಹಾಗೇ ಇತ್ತು.

ಮ್ಯಾನೇಜರನಿಗೆ ಇದು ಗೊತ್ತೇ ಇರಲಿಲ್ಲ. ಅವನು ವಾಲ್ವು ಮುಚ್ಚಿದ್ದ, ನೆಲ ಒರೆಸಿದ್ದ, ಡ್ರಮ್ಮಿನೊಳಗೆ ನೀರು ಇಳಿದಿರಬಹುದೆಂದು ಯೋಚಿಸಿರಲಿಲ್ಲ. ಯಾರಿಗೂ ಹೇಳದೆ ಇದ್ದುದರಿಂದ ಯೋಚಿಸುವವರು ಇನ್ನೊಬ್ಬರಿರಲಿಲ್ಲ. ಅವನು ಅಲ್ಲೇ ಕುಸಿದು ಕೂತ. "ಇನ್ನೊಂದು ಗಂಟೆ ತಡ ಆಗಿದ್ರೆ..." ಅಂದ.

"ತಡ ಆಗಲಿಲ್ಲವಲ್ಲ" ಅಂದಳು ಅವಳು. ಮನೆಯಿಂದ ತಂದಿದ್ದ ನೀರಿನ ಬಾಟಲಿಯನ್ನು ಅವನಿಗೆ ಕೊಡಲು ಕೈ ಚೀಲಕ್ಕೆ ಹೋಯಿತು. ಅದು ಗೇಟಿನಲ್ಲೇ ಉಳಿದಿದೆ ಎಂದು ಆಮೇಲೆ ನೆನಪಾಯಿತು. ಕಾರಿಡಾರಿನಲ್ಲಿದ್ದ ಕೊಳಾಯಿಯಿಂದ ಒಂದು ಲೋಟ ಹಿಡಿದು ತಂದುಕೊಟ್ಟಳು. ತಾನೂ ಅದೇ ನೀರು ಕುಡಿದಳು.

ವರದಿಯ ಮೊದಲ ವಾಕ್ಯಕ್ಕೆ ಅವಳು ಹೆಚ್ಚು ಯೋಚಿಸಲಿಲ್ಲ. 'ಮೂರನೆಯ ಉಗ್ರಾಣದ ಸೀಲನ್ನು ಸ್ಥಾವರದವರು ಕತ್ತರಿಸಿದ್ದಾರೆ; ಕತ್ತರಿಸಿದ್ದು ಸರಿ, ಮುಚ್ಚಿಟ್ಟದ್ದು ತಪ್ಪು.' ಅದರ ಕೆಳಗೆ ಇಂಧನ ಒಂದು ಚೂರೂ ಕಡಿಮೆಯಾಗಿಲ್ಲ ಎಂದು ಬರೆದಳು. ಕೊಕ್ಕರೆ ಓದಿ, ಒಂದು ಪದವನ್ನೂ ಬದಲಾಯಿಸಲು ಕೇಳದೆ ಸಹಿ ಹಾಕಿದ. ಮಾತಿಲ್ಲದ ವೀಕ್ಷಕ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕುತ್ತ, "ನನ್ನ ಸರ್ವಿಸಿನಲ್ಲಿ ಹೀಗೆ ಜಗಳವಿಲ್ಲದೆ ಸಹಿ ಆದದ್ದು ಇದೇ ಮೊದಲು" ಅಂದ. ಅವನ ದನಿ ಕೇಳಿ ಗುಂಡಣ್ಣ ಬೆಚ್ಚಿಬಿದ್ದ.

ಆದರೆ ಹೊರಗೆ ಜಗಳವಾಗದೆ ಇರಲಿಲ್ಲ. ವಾಪಸು ಬಂದ ಅವಳನ್ನು ಕಾರ್ಯದರ್ಶಿ ಮುಖ ಊದಿಸಿಕೊಂಡು ಬರಮಾಡಿಕೊಂಡರು. ಶತ್ರುವಿನ ಪರ ವಕಾಲತ್ತು ಮಾಡಿದಳೆಂದು ಒಂದು ಪತ್ರಿಕೆ ಬರೆಯಿತು. ಸಂಸತ್ತಿನ ಸಮಿತಿಯೊಂದು ಅವಳನ್ನು ಕರೆಸಿ ಕೇಳಿದ್ದನ್ನೇ ಕೇಳಿತು. "ಅವರ ಮೇಲೆ ನಿಮಗೆ ಅಷ್ಟೊಂದು ನಂಬಿಕೆ ಯಾಕೆ?" ಎಂದು ಒಬ್ಬ ಸದಸ್ಯರು ಗದರಿದಾಗ, "ನಂಬಿಕೆ ಇಲ್ಲ ಅಂತಾನೇ ತೂಗಿದ್ದು ಸಾರ್" ಎಂದಳು. ಅದಾದ ಮೇಲೆ ಸಮಿತಿ ಅವಳನ್ನು ಬೇಗ ಬಿಟ್ಟಿತು.

ಆಚೆ ಕಡೆ ಕೊಕ್ಕರೆಯನ್ನು ಮುಖ್ಯಸ್ಥನ ಸ್ಥಾನದಿಂದ ತೆಗೆದು, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಹೇಳುವ ತರಬೇತಿ ಕೇಂದ್ರಕ್ಕೆ ಹಾಕಿದರು. ಸುದ್ದಿ ಕೇಳಿದ ದಿನ ಅವಳಿಗೆ ಊಟ ಸೇರಲಿಲ್ಲ. ಗಂಡ ಏನೂ ಕೇಳದೆ ತಟ್ಟೆ ತೆಗೆದಿಟ್ಟ. ಅತ್ತೆ ಮಾತ್ರ, "ಯಾರಿಗೆ ಏನಾಯ್ತೇ?" ಅಂದರು. ಆಚೆ ದೇಶದ ಒಬ್ಬರಿಗೆ ನಿಜ ಹೇಳಿದ್ದಕ್ಕೆ ಕೆಲಸ ಹೋಯಿತು ಎಂದು ಹೇಳಿದಳು. ಅತ್ತೆ, "ಅಲ್ಲೂ ಹೀಗೇನಾ" ಎಂದು ಎದ್ದುಹೋದರು.

ಕಾಯಂ ಸಹಿ ಮುಂದಕ್ಕೆ ಹೋಯಿತು. ಎರಡೂ ಕಡೆಯವರು ಮತ್ತೆ ಮೇಜಿಗೆ ಬಂದರು. ಆಚೆಯ ಹೊಸ ಮುಖ್ಯಸ್ಥ ಮೊದಲ ದಿನವೇ, ಇನ್ನು ಮುಂದೆ ಯಾವ ಕಾರಣಕ್ಕೂ ಸೀಲು ಮುಟ್ಟುವಂತಿಲ್ಲ ಎಂದು ಬರೆಯೋಣ ಅಂದ. ಈಚೆಯ ಕಾರ್ಯದರ್ಶಿಗೂ ಅದು ಹಿಡಿಸಿತು. ಎಂದೂ ಒಂದಾಗದವರು ಈ ವಿಷಯದಲ್ಲಿ ಒಂದಾಗಿಬಿಟ್ಟಿದ್ದರು. ಅವಳೊಬ್ಬಳೇ ಅಡ್ಡ ನಿಂತಳು.

"ಹಾಗೆ ಬರೆದ್ರೆ, ಮುಂದಿನ ಸಲ ಪೈಪು ಒಡೆದಾಗ ಬಾಗಿಲ ಹೊರಗೆ ನಿಂತು ನೋಡ್ತಾ ಇರ್ಬೇಕಾಗತ್ತೆ" ಅಂದಳು. "ಅಪಾಯ ಬಂದ್ರೆ ಕತ್ತರಿಸಲಿ. ಆದ್ರೆ ಕತ್ತರಿಸೋಕೆ ಮುಂಚೆ ಫೋನ್ ಮಾಡಲಿ. ನಮಗೆ ಅವರು, ಅವರಿಗೆ ನಾವು. ಮಂತ್ರಾಲಯಕ್ಕಲ್ಲ, ನೇರವಾಗಿ ನಮ್ಮ ಮೇಜಿಗೆ."

ಹೊಸ ಮುಖ್ಯಸ್ಥ ಒಪ್ಪಲು ಹಿಂದೆ ಮುಂದೆ ನೋಡಿದ. ಮಾತು ಎತ್ತು ಏರಿಗೆ ಕೋಣ ನೀರಿಗೆ ಎಂಬಂತೆ ಎಳೆದಾಡಿ, ಹಲವು ವಾರ ಹಿಡಿದು, ಕೊನೆಗೆ ಆ ಕಲಮು ಸೇರಿತು. ಎರಡು ಕಚೇರಿಗಳ ನಡುವೆ ನೇರ ಫೋನು ಹಾಕಿದರು. ಮಂತ್ರಿಗಳು ಸಹಿ ಹಾಕಿದ ದಿನ ತೆಗೆದ ಫೋಟೋದಲ್ಲಿ ಅವಳು ಹಿಂದಿನ ಸಾಲಿನಲ್ಲಿದ್ದಾಳೆ. ಗುಂಡಣ್ಣನ ಹೆಗಲು ಅವಳ ಅರ್ಧ ಮುಖ ಮುಚ್ಚಿದೆ.

ಆಚೆಯವರು ಇಲ್ಲಿಯ ಸ್ಥಾವರ ನೋಡಲು ಬಂದಾಗ, ತಂಡದ ಹೊಸಬರಿಗೆ ದಾರಿ ತೋರಿಸಲೆಂದು ಕೊಕ್ಕರೆಯನ್ನೂ ಕಳಿಸಿದ್ದರು. ಆತ ಸಾಲಿನ ಕೊನೆಯಲ್ಲಿ ನಿಂತಿದ್ದ. ಇಲ್ಲಿಯ ಸ್ಥಾವರದ ಮೇಲಧಿಕಾರಿ ಎಲ್ಲ ಬಾಗಿಲೂ ತೋರಿಸಿ, ಒಂದನ್ನು ಮಾತ್ರ "ಹಳೇ ಸಾಮಾನು" ಎಂದು ದಾಟಿಸಿದರು.

"ಅದನ್ನೂ ತೆಗೀರಿ" ಅಂದಳು ಅವಳೇ. ಮೇಲಧಿಕಾರಿ ಕಣ್ಸನ್ನೆ ಮಾಡಿದರೂ ಬಿಡಲಿಲ್ಲ. ಬಾಗಿಲು ತೆಗೆದರೆ ಒಳಗೆ ಎರಡು ಮಂಚ, ದಿಂಬು, ಒಂದು ಟೇಬಲ್ ಫ್ಯಾನು. ಮಂಚದ ಮೇಲೆ ಪಾಳಿ ಮುಗಿಸಿದ ಒಬ್ಬ ನೌಕರ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಕೊಕ್ಕರೆ ಹಿಂದಿನಿಂದ ಕತ್ತು ಚಾಚಿ ನೋಡಿ, "ಇದಕ್ಕೆ ಸೀಲು ಬೇಡ. ಎದ್ದಾಗ ಅವರಿಗೆ ಹೊರಗೆ ಬರಬೇಕಾಗತ್ತೆ" ಅಂದ.

ಕೊನೆಯ ದಿನ ಅವಳು ಆತನನ್ನು ಊಟಕ್ಕೆ ಮನೆಗೆ ಕರೆದಳು. ಅತ್ತೆ ಬಾಗಿಲಲ್ಲೇ ನಿಂತು ಆತನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಡಿಸಿದ್ದನ್ನೆಲ್ಲ ಆತ ತಲೆ ತಗ್ಗಿಸಿ ಉಂಡ. ಗಂಡ ಹಲ್ಲಿನ ಕಥೆಗಳನ್ನು ಹೇಳಿ ಮೌನ ತುಂಬಿಸುತ್ತಿದ್ದ. ನಡುವೆ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು:

"ಯುದ್ಧದಲ್ಲಿ ನಿಮ್ಮನೇಲೂ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ರಾ?"

"ಕಾಗದ ಸಿಗಲಿಲ್ಲಮ್ಮ. ನಮ್ಮಮ್ಮ ತನ್ನ ಸೀರೆಗಳನ್ನೆಲ್ಲ ಮಡಚಿ ಮಡಚಿ ಕಟ್ಟಿದ್ರು. ಆಗ ನನಗೆ ಹೆದರಿಕೆ ಆಗ್ತಿದ್ದದ್ದು ಬಾಂಬಿಗಲ್ಲ. ಕತ್ತಲಲ್ಲಿ ಅಮ್ಮ ಕಾಣ್ತಿರಲಿಲ್ವಲ್ಲ, ಅದಕ್ಕೆ."

ಅತ್ತೆ ಸೌಟು ಹಿಡಿದು ನಿಂತೇ ಇದ್ದರು. "ನಾನು ಇವನನ್ನ ಮಡಿಲಲ್ಲಿ ಹಾಕ್ಕೊಂಡು ರಾತ್ರಿಯೆಲ್ಲ ಹಾಡ್ತಿದ್ದೆ" ಎಂದು ಮಗನನ್ನು ತೋರಿಸಿದರು. "ಕಾಣದಿದ್ರೆ ಕೇಳಲಿ ಅಂತ." ಆಮೇಲೆ ಆತನ ತಟ್ಟೆಗೆ ಕೇಳದೆಯೇ ಇನ್ನಷ್ಟು ಬಡಿಸಿದರು. "ಸರಿಯಾಗಿ ಉಣ್ಣಪ್ಪ. ಎಷ್ಟು ಸೊರಗಿದೀಯ. ಕೆಲಸ ಕಿತ್ಕೊಂಡ್ರಂತಲ್ಲ."

"ಕಿತ್ಕೊಳ್ಳಲಿಲ್ಲಮ್ಮ, ಬದಲಾಯಿಸಿದ್ರು."

"ಬೇಜಾರಿಲ್ವಾ?"

"ಇದೆ. ಇಲ್ಲ ಅಂದ್ರೆ ಸುಳ್ಳಾಗತ್ತೆ" ಅಂದ ಕೊಕ್ಕರೆ. ಅವಳ ಕಡೆ ನೋಡಲಿಲ್ಲ. "ಬೆಳಿಗ್ಗೆ ಎದ್ದ ಕೂಡಲೇ ಇರತ್ತೆ. ತರಗತಿಗೆ ಹೋದ ಮೇಲೆ ಮರೆತುಹೋಗತ್ತೆ."

ಮಾರನೆಯ ವರ್ಷ ಒಂದು ಮಧ್ಯಾಹ್ನ ನೇರ ಫೋನು ಬಡಿದುಕೊಂಡಿತು. ಕಾರ್ಯದರ್ಶಿ ಏನೋ ಕಡತ ಕೇಳಲೆಂದು ಬಂದು ಅವಳ ಮೇಜಿನ ಮುಂದೆಯೇ ನಿಂತಿದ್ದರು. ಆ ಕಡೆ ಇದ್ದದ್ದು ಅದೇ ಮ್ಯಾನೇಜರ್. ಕೊಕ್ಕರೆ ಪಟ್ಟು ಹಿಡಿದು ಅವನ ಕೆಲಸ ಉಳಿಸಿದ್ದ.

"ಮೇಡಂ, ಎರಡನೇ ಉಗ್ರಾಣದೊಳಗಿಂದ ಹೊಗೆ ವಾಸನೆ ಬರ್ತಿದೆ. ಸೀಲು ಕತ್ತರಿಸ್ತಿದ್ದೀನಿ."

"ಕತ್ತರಿಸಿ" ಅಂದಳು. "ಜೋಪಾನ."

ಕಾರ್ಯದರ್ಶಿಯ ಮುಖ ನೋಡಿ ಇದ್ದದ್ದು ಹೇಳಿದಳು. ಅವರು ಮಂತ್ರಿಗಳಿಗೆ ಫೋನು ಮಾಡಲು ಕಿಸೆಗೆ ಕೈ ಹಾಕಿದರು. ಏನನ್ನಿಸಿತೋ, ಕೈಯನ್ನು ಹಾಗೇ ವಾಪಸು ತೆಗೆದು ಎದುರಿನ ಕುರ್ಚಿಯಲ್ಲಿ ಕೂತರು. ಪಕ್ಕದ ಕೋಣೆಯಲ್ಲಿ ಯಾರೋ ಸ್ಟೇಪ್ಲರ್ ಒತ್ತುತ್ತಿದ್ದ ಸದ್ದು ಕೇಳುತ್ತಿತ್ತು. ಬಹಳ ಹೊತ್ತಾಯಿತು ಅನ್ನಿಸುವಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು.

"ಫ್ಯಾನಿನ ಮೋಟರ್ ಸುಟ್ಟಿತ್ತು ಮೇಡಂ. ಬೇರೇನೂ ಇಲ್ಲ. ಆದ್ರೂ ನಿಮ್ಮವರನ್ನ ಕಳಿಸಿ, ತೂಗಿ ನೋಡಿ ಹೊಸ ಸೀಲು ಹಾಕಲಿ. ಬಾಗಿಲಿಗೆ ಇಬ್ಬರನ್ನ ನಿಲ್ಲಿಸಿದ್ದೀನಿ."

ಅವಳು ಗುಂಡಣ್ಣನನ್ನು ಕರೆದು ಹೊರಡಲು ಹೇಳಿದಳು. ಕಾರ್ಯದರ್ಶಿ ಎದ್ದು, "ಪತ್ರಿಕೆಯವರಿಗೆ ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದರು.

"ಫ್ಯಾನ್ ಮೋಟರ್ ಸುಟ್ಟಿತು ಅಂತ ಹೇಳಬಹುದು ಸಾರ್. ಯಾರಾದ್ರೂ ಕೇಳಿದ್ರೆ."

ಯಾರೂ ಕೇಳಲಿಲ್ಲ. ಗುಂಡಣ್ಣ ಪೆಟ್ಟಿಗೆ ಹೊತ್ತುಕೊಂಡು ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಮೇಡಂ, ಈ ಸಲ ನನ್ನ ಅಳತೆಯ ಕೋಟು ಇಟ್ಟಿರೋಕೆ ಅವರಿಗೆ ಒಂದು ಫೋನ್ ಮಾಡಿ ಹೇಳ್ತೀರಾ?"